ಪ್ರಾಸ್ಟೇಟ್ ತೊಂದರೆ: ವೈದ್ಯರೂ ರೋಗಿಯೂ ಕೂಡಿ ತೀರ್ಮಾನಿಸುವ ಬಗೆ

ಅರವತ್ತು ದಾಟಿದ ಗಂಡಸರಲ್ಲಿ ಮೂತ್ರದ ತೊಂದರೆ ಇರುವವರು ಬಹಳ, ಬಾಯಿಬಿಟ್ಟು ಹೇಳುವವರು ಕಡಿಮೆ. ರಾತ್ರಿ ಮೂರು ಸಲ ಏಳುತ್ತಾರೆ, ಬಸ್ಸು ಹತ್ತುವ ಮುಂಚೆ ಎರಡು ಸಲ ಹೋಗಿಬರುತ್ತಾರೆ, ಮದುವೆಮನೆಗೆ ಕಾಲಿಟ್ಟ ಕೂಡಲೇ ಶೌಚಾಲಯ ಎಲ್ಲಿದೆ ಎಂದು ಕಣ್ಣಾಡಿಸುತ್ತಾರೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿರುವವರು ಒಂದು ಕಡೆ. ಮೊದಲ ಭೇಟಿಯಲ್ಲೇ ಆಪರೇಶನ್‌ಗೆ ದಿನ ಗೊತ್ತುಮಾಡಿಕೊಂಡು ಬರುವವರು ಇನ್ನೊಂದು ಕಡೆ. ಇವೆರಡರ ನಡುವೆ ದೊಡ್ಡ ಬಯಲಿದೆ. ಆ ಬಯಲಿನಲ್ಲಿ ಯಾವ ದಾರಿ ಹಿಡಿಯಬೇಕೆಂಬುದನ್ನು ಸ್ಕ್ಯಾನಿಂಗ್ ವರದಿಯೊಂದೇ ತೀರ್ಮಾನಿಸಲಾರದು. ತೊಂದರೆ ಎಷ್ಟು ಕಾಡುತ್ತಿದೆ, ಅದನ್ನು ಕಳೆದುಕೊಳ್ಳಲು ಏನನ್ನು ಬಿಟ್ಟುಕೊಡಲು ಸಿದ್ಧ ಎಂಬುದು ರೋಗಿಗೆ ಮಾತ್ರ ಗೊತ್ತು. ವೈದ್ಯವಿಜ್ಞಾನ ಈ ಪಾಠವನ್ನು ಬಹುಮಟ್ಟಿಗೆ ಕಲಿತದ್ದೇ ಪ್ರಾಸ್ಟೇಟ್ ಗ್ರಂಥಿಯಿಂದ.

ಗ್ರಂಥಿ ಹಿಗ್ಗಿದಾಗ

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿರುತ್ತದೆ. ಪ್ರಾಯದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟಿದ್ದು ಸುಮಾರು 20 ಗ್ರಾಂ ತೂಗುತ್ತದೆ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ಒದಗಿಸುವುದು ಅದರ ಕೆಲಸ. ನಡುವಯಸ್ಸು ದಾಟಿದಂತೆ ಪುರುಷ ಹಾರ್ಮೋನುಗಳ ಪ್ರಭಾವದಿಂದ ಅದರ ಒಳಭಾಗ ಬೆಳೆಯತೊಡಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಐವತ್ತರ ದಶಕದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಎಂಬತ್ತು ದಾಟಿದವರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಈ ಬೆಳವಣಿಗೆ ಕಾಣುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಈ ಒಂದು ಮಾತನ್ನು ಸ್ಪಷ್ಟವಾಗಿ ಹೇಳದೆ ಹೋದರೆ ಎಷ್ಟೋ ಹಿರಿಯರು ಭಯದಿಂದಲೇ ಶಸ್ತ್ರಚಿಕಿತ್ಸೆಗೆ ಒಪ್ಪಿಬಿಡುತ್ತಾರೆ.

ಹಿಗ್ಗಿದ ಗ್ರಂಥಿ ನಾಳವನ್ನು ಒತ್ತಿದಾಗ ಮೂತ್ರ ಶುರುವಾಗಲು ತಡವಾಗುತ್ತದೆ, ಧಾರೆ ಸಣ್ಣಗಾಗುತ್ತದೆ, ನಿಂತು ನಿಂತು ಬರುತ್ತದೆ, ಮುಗಿದ ಮೇಲೂ ಹನಿ ಬೀಳುತ್ತದೆ. ತಡೆಯೆದುರು ದುಡಿದು ದುಡಿದು ಮೂತ್ರಕೋಶದ ಸ್ನಾಯು ದಪ್ಪಗಾಗಿ ಮುಂಗೋಪಿಯಾಗುತ್ತದೆ. ಆಗ ಶುರುವಾಗುವುದು ಪದೇ ಪದೇ ಹೋಗಬೇಕೆನ್ನಿಸುವುದು, ಬಂದಾಗ ತಡೆಯಲಾಗದಿರುವುದು, ರಾತ್ರಿ ಏಳುವುದು. ಸಾಮಾನ್ಯವಾಗಿ ಜನರನ್ನು ಹೆಚ್ಚು ಕಾಡುವುದು ಈ ಎರಡನೆಯ ಗುಂಪಿನ ಲಕ್ಷಣಗಳೇ.

ಗ್ರಂಥಿಯ ಗಾತ್ರಕ್ಕೂ ತೊಂದರೆಯ ತೀವ್ರತೆಗೂ ನೇರ ಸಂಬಂಧವಿಲ್ಲ. ಸ್ಕ್ಯಾನಿಂಗ್‌ನಲ್ಲಿ 70 ಗ್ರಾಂ ಎಂದು ಬಂದವರು ನೆಮ್ಮದಿಯಾಗಿರಬಹುದು, 30 ಗ್ರಾಂನವರು ರಾತ್ರಿಯಿಡೀ ನಿದ್ದೆಗೆಟ್ಟಿರಬಹುದು. ವರದಿಯಲ್ಲಿ 'ಪ್ರಾಸ್ಟೇಟ್ ದೊಡ್ಡದಾಗಿದೆ' ಎಂದು ಬರೆದಿರುವುದಷ್ಟೇ ಚಿಕಿತ್ಸೆಗೆ ಕಾರಣವಾಗದು.

ಎಲ್ಲಕ್ಕೂ ಪ್ರಾಸ್ಟೇಟನ್ನೇ ದೂರಬಾರದು

ಗಂಡಸು, ವಯಸ್ಸು ಎಪ್ಪತ್ತು, ರಾತ್ರಿ ನಾಲ್ಕು ಸಲ ಏಳುತ್ತಾರೆ ಎಂದರೆ ಮೊದಲು ನೆನಪಾಗುವುದು ಪ್ರಾಸ್ಟೇಟ್. ಆದರೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲೂ ಹೀಗೇ ಆಗುತ್ತದೆ. ಹಗಲೆಲ್ಲ ಕಾಲಿನಲ್ಲಿ ನಿಂತ ಊತದ ನೀರು, ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಸಂಜೆ ನುಂಗುವ ನೀರಿಳಿಸುವ ಬಿಪಿ ಮಾತ್ರೆ, ಮಲಗುವ ಮುಂಚಿನ ದೊಡ್ಡ ಲೋಟ ಮಜ್ಜಿಗೆ ಅಥವಾ ಕಾಫಿ, ಎಲ್ಲವೂ ಕಾರಣವಾಗಬಹುದು. ನೆಗಡಿಗೆ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳಲ್ಲಿನ ಸ್ಯೂಡೋಎಫೆಡ್ರಿನ್, ಕ್ಲೋರ್‌ಫೆನಿರಮಿನ್‌ನಂಥ ಔಷಧಗಳು ಮೂತ್ರವನ್ನು ಪೂರ್ತಿ ಕಟ್ಟಿಸಿಬಿಡುವುದೂ ಉಂಟು.

ಇದನ್ನು ಬಿಡಿಸಲು ದುಬಾರಿ ಯಂತ್ರ ಬೇಡ. ಅಳತೆ ಗೆರೆಯಿರುವ ಒಂದು ಪ್ಲಾಸ್ಟಿಕ್ ಮಗ್ಗು, ಒಂದು ಹಾಳೆ, ಮೂರು ದಿನದ ತಾಳ್ಮೆ ಸಾಕು. ಎಷ್ಟು ಹೊತ್ತಿಗೆ ಹೋದೆ, ಎಷ್ಟು ಮಿಲಿ ಬಂತು, ಏನು ಕುಡಿದೆ ಎಂದು ಬರೆಯುತ್ತ ಹೋಗುವುದು. ದಿನದ ಒಟ್ಟು ಮೂತ್ರದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ರಾತ್ರಿಯೇ ಬರುತ್ತಿದ್ದರೆ ಗ್ರಂಥಿಯನ್ನು ಕೆರೆದು ತೆಗೆದರೂ ನಿದ್ದೆ ಮರಳುವುದು ಅನುಮಾನ. ಈ ಹಾಳೆಯನ್ನು ಬರೆದವರು ರೋಗಿ, ಓದಿ ಅರ್ಥ ಹೇಳುವವರು ವೈದ್ಯರು. ಜಂಟಿ ತೀರ್ಮಾನ ನಿಜವಾಗಿ ಶುರುವಾಗುವುದು ಇಲ್ಲಿಂದ ಎಂದೇ ನನ್ನ ಭಾವನೆ.

ಅಮೆರಿಕದ ಊರುಗಳಲ್ಲಿ ಕಂಡ ಒಗಟು

1970ರ ದಶಕದಲ್ಲಿ ಜಾನ್ ವೆನ್‌ಬರ್ಗ್ ಎಂಬ ಅಮೆರಿಕನ್ ವೈದ್ಯ ವರ್ಮಾಂಟ್ ರಾಜ್ಯದ ಊರೂರಿನ ಆಸ್ಪತ್ರೆ ದಾಖಲೆಗಳನ್ನು ಹೋಲಿಸಿ ನೋಡಿದರು. ಅಲನ್ ಗಿಟಲ್‌ಸನ್ ಜೊತೆಗೆ ಅವರು ಬರೆದ ಲೇಖನ 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅಕ್ಕಪಕ್ಕದ ಊರುಗಳು, ಒಂದೇ ಬಗೆಯ ಜನ, ಆದರೂ ಶಸ್ತ್ರಚಿಕಿತ್ಸೆಯ ಪ್ರಮಾಣದಲ್ಲಿ ಅಜಗಜಾಂತರ. ಮುಂದೆ ಬೇರೆ ರಾಜ್ಯಗಳಲ್ಲೂ ಇದೇ ಕಂಡಿತು. ಅಯೋವಾದಲ್ಲಿ 85 ವರ್ಷ ಮುಟ್ಟುವಷ್ಟರಲ್ಲಿ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವ ಸಾಧ್ಯತೆ ಒಂದು ಪ್ರದೇಶದಲ್ಲಿ ಶೇ. 15, ಇನ್ನೊಂದರಲ್ಲಿ ಶೇ. 60ಕ್ಕೂ ಹೆಚ್ಚು. ಗಂಡಸರ ಶರೀರ ಊರಿನಿಂದ ಊರಿಗೆ ಹೀಗೆ ಬದಲಾಗುವುದಿಲ್ಲ. ಬದಲಾಗುತ್ತಿದ್ದದ್ದು ವೈದ್ಯರ ನಂಬಿಕೆ.

ಮೇನ್ ರಾಜ್ಯದ ಮೂತ್ರರೋಗ ತಜ್ಞರನ್ನು ಕೂರಿಸಿ ಕೇಳಿದಾಗ ಎರಡು ಪಕ್ಷಗಳು ಹೊರಬಿದ್ದವು. ಕಾಯಿಲೆ ಹೇಗೂ ಮುಂದುವರಿಯುತ್ತದೆ, ಗಟ್ಟಿಯಾಗಿರುವಾಗಲೇ ಮಾಡಿಸಿಕೊಂಡರೆ ಆಯುಷ್ಯಕ್ಕೆ ಒಳ್ಳೆಯದು ಎಂಬುದು ಒಂದು ಪಕ್ಷ. ಇದು ಜೀವದ ಪ್ರಶ್ನೆಯಲ್ಲ, ನೆಮ್ಮದಿಯ ಪ್ರಶ್ನೆ ಎಂಬುದು ಇನ್ನೊಂದು. ವೆನ್‌ಬರ್ಗ್, ಆಲ್ಬರ್ಟ್ ಮಲ್ಲಿ, ಮೈಕೆಲ್ ಬ್ಯಾರಿ, ಫ್ಲಾಯ್ಡ್ ಫೌಲರ್ ಸೇರಿ ದಾಖಲೆಗಳನ್ನು ಜಾಲಾಡಿ, ರೋಗಿಗಳನ್ನು ಮಾತಾಡಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಆಯುಷ್ಯ ಹೆಚ್ಚುತ್ತದೆ ಎಂಬ ವಾದ ನಿಲ್ಲಲಿಲ್ಲ. ಲಕ್ಷಣಗಳು ಮಾತ್ರ ಗಣನೀಯವಾಗಿ ತಗ್ಗುತ್ತಿದ್ದವು. ಹಾಗಾದರೆ ಬಹುಪಾಲು ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ಲಾಭವೆಂದರೆ ಬದುಕಿನ ಗುಣಮಟ್ಟ. ಅದರ ಬೆಲೆ ಕಟ್ಟಬೇಕಾದವರು ಆ ಬದುಕನ್ನು ಬದುಕುವವರು.

1989ರಲ್ಲಿ ವೆನ್‌ಬರ್ಗ್ ಮತ್ತು ಮಲ್ಲಿ ಇದಕ್ಕಾಗಿಯೇ ಒಂದು ಪ್ರತಿಷ್ಠಾನ ಕಟ್ಟಿದರು. ಅವರು ತಯಾರಿಸಿದ ಪ್ರಾಸ್ಟೇಟ್ ವಿಡಿಯೋ ಡಿಸ್ಕ್‌ನಲ್ಲಿ ರೋಗಿಯ ವಯಸ್ಸು, ಲಕ್ಷಣ ತುಂಬಿದರೆ ಅವರಂಥವರಿಗೆ ಯಾವ ದಾರಿಯಲ್ಲಿ ಏನೇನಾಗಬಹುದು ಎಂದು ತೋರಿಸುತ್ತಿತ್ತು. ಬೇರೆ ಬೇರೆ ದಾರಿ ಆರಿಸಿಕೊಂಡ ರೋಗಿಗಳೇ ಪರದೆಯ ಮೇಲೆ ಬಂದು ತಮ್ಮ ಅನುಭವ ಹೇಳುತ್ತಿದ್ದರು. ಡೆನ್ವರ್ ಮತ್ತು ಸಿಯಾಟಲ್‌ನ ಎರಡು ಆರೋಗ್ಯ ಸಂಸ್ಥೆಗಳಲ್ಲಿ ಇದನ್ನು ಬಳಕೆಗೆ ತಂದ ಮೇಲೆ ಶಸ್ತ್ರಚಿಕಿತ್ಸೆಯ ಪ್ರಮಾಣ ಶೇ. 40ಕ್ಕೂ ಹೆಚ್ಚು ಇಳಿಯಿತೆಂದು 1995ರ ವರದಿ ಹೇಳಿತು. ಅದೇ ಕಾಲಕ್ಕೆ ಹೊಸ ಮಾತ್ರೆಗಳೂ ಬಂದಿದ್ದವು ಎಂಬುದನ್ನು ಮರೆಯುವಂತಿಲ್ಲ. ಆಮೇಲೆ ಚೀಟಿ ಎತ್ತಿದಂತೆ ಗುಂಪು ಮಾಡಿ ನಡೆಸಿದ ಚಿಕ್ಕ ಪ್ರಯೋಗಗಳಲ್ಲಿ, ಅಮೆರಿಕದಲ್ಲಾಗಲಿ ಬ್ರಿಟನ್ನಿನಲ್ಲಾಗಲಿ, ಶಸ್ತ್ರಚಿಕಿತ್ಸೆಯ ಪ್ರಮಾಣದಲ್ಲಿ ಅಂಥ ಇಳಿತ ಕಾಣಲಿಲ್ಲ. ಕಂಡದ್ದು ತಿಳಿವಳಿಕೆ ಹೆಚ್ಚಿದ್ದು, ಗೊಂದಲ ಕಡಿಮೆಯಾದದ್ದು. ನನಗೆ ಇದು ಸೋಲಾಗಿ ಕಾಣುವುದಿಲ್ಲ. ಆಪರೇಶನ್ ತಪ್ಪಿಸುವುದು ಇದರ ಗುರಿಯಾಗಿರಲೇ ಇಲ್ಲ. ಬೇಕಾದವರಿಗೆ ಆಗಬೇಕು, ಬೇಡವಾದವರಿಗೆ ಆಗಬಾರದು.

ಏಳು ಪ್ರಶ್ನೆ, ಮತ್ತೊಂದು

1992ರಲ್ಲಿ ಬ್ಯಾರಿ ಮತ್ತು ಸಂಗಡಿಗರು ಅಮೆರಿಕದ ಮೂತ್ರರೋಗ ತಜ್ಞರ ಸಂಘಕ್ಕಾಗಿ ಏಳು ಪ್ರಶ್ನೆಗಳ ಪಟ್ಟಿ ರೂಪಿಸಿದರು. ಪೂರ್ತಿ ಖಾಲಿಯಾಗಿಲ್ಲ ಎನ್ನಿಸುತ್ತದೆಯೇ, ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತದೆಯೇ, ನಿಂತು ನಿಂತು ಬರುತ್ತದೆಯೇ, ತಡೆದುಕೊಳ್ಳುವುದು ಕಷ್ಟವೇ, ಧಾರೆ ಸಣ್ಣಗಿದೆಯೇ, ತಿಣುಕಬೇಕೇ, ರಾತ್ರಿ ಎಷ್ಟು ಸಲ ಏಳುತ್ತೀರಿ. ಒಂದೊಂದಕ್ಕೂ 0ಯಿಂದ 5 ಅಂಕ, ಒಟ್ಟು 35. ಏಳರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ ಮೇಲೆ ತೀವ್ರ. ಇಂದು ಜಗತ್ತಿನೆಲ್ಲೆಡೆ ಇದೇ ಬಳಕೆಯಲ್ಲಿದೆ.

ಅಂತರರಾಷ್ಟ್ರೀಯ ರೂಪದಲ್ಲಿ ಎಂಟನೆಯ ಪ್ರಶ್ನೆಯೊಂದು ಸೇರಿತು: ಇನ್ನುಳಿದ ಆಯುಷ್ಯವೆಲ್ಲ ಮೂತ್ರದ ಸ್ಥಿತಿ ಈಗಿರುವ ಹಾಗೇ ಇರುತ್ತದೆಂದರೆ ನಿಮಗೆ ಹೇಗನ್ನಿಸುತ್ತದೆ? ಇದಕ್ಕೆ ಪ್ರತ್ಯೇಕ ಅಂಕ. ಅವಸರದ ಹೊರರೋಗಿ ವಿಭಾಗದಲ್ಲಿ ಮೊದಲು ಬಿಟ್ಟುಹೋಗುವುದು ಈ ಪ್ರಶ್ನೆಯೇ. ನನ್ನ ಮಟ್ಟಿಗೆ ಇಡೀ ಪಟ್ಟಿಯ ಪ್ರಾಣ ಇದರಲ್ಲಿದೆ.

ಇಬ್ಬರನ್ನು ಊಹಿಸಿಕೊಳ್ಳಿ, ಇಬ್ಬರದೂ 16 ಅಂಕ. ಒಬ್ಬರು ನಿವೃತ್ತ ಮೇಷ್ಟ್ರು. ರಾತ್ರಿ ಎದ್ದರೆ ಒಂದಕ್ಕೆ ಹೋಗಿಬಂದು ನಾಲ್ಕು ಪುಟ ಓದಿ ಮತ್ತೆ ಮಲಗುತ್ತಾರೆ, ಹಗಲು ಮನೆಯಲ್ಲೇ. ಇನ್ನೊಬ್ಬರು ಹಾಸನದಿಂದ ಬೆಂಗಳೂರಿಗೆ ಬಾಡಿಗೆ ಕಾರು ಓಡಿಸುವವರು. ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆಗೊಮ್ಮೆ ಗಾಡಿ ನಿಲ್ಲಿಸಬೇಕು, ಹಿಂದೆ ಕೂತವರು ಗೊಣಗುತ್ತಾರೆ, ಅದಕ್ಕೆ ಹೆದರಿ ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಅಂಕ ಒಂದೇ, ಗ್ರಂಥಿಯೂ ಒಂದೇ ಗಾತ್ರದ್ದಿರಬಹುದು. ಇಬ್ಬರಿಗೂ ಒಂದೇ ಚೀಟಿ ಬರೆದುಕೊಟ್ಟರೆ ಒಬ್ಬರಿಗಾದರೂ ಅನ್ಯಾಯವಾಗುತ್ತದೆ.

ಮುಂದಿರುವ ದಾರಿಗಳು

ಮೊದಲನೆಯದು ಎಚ್ಚರದಿಂದ ಕಾಯುವುದು. ಏನೂ ಮಾಡದಿರುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ: ಸಂಜೆಯ ನೀರು, ಕಾಫಿ ತಗ್ಗಿಸುವುದು, ಮಲಬದ್ಧತೆ ಸರಿಪಡಿಸುವುದು, ಮಾತ್ರೆಗಳ ವೇಳೆ ಬದಲಿಸುವುದು, ನಿಗದಿತವಾಗಿ ಮತ್ತೆ ನೋಡುವುದು. 1995ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನದಲ್ಲಿ ಮಧ್ಯಮ ಲಕ್ಷಣಗಳಿದ್ದ 556 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಕಾಯುವ ದಾರಿ ಕೊಟ್ಟರು. ಮೂರು ವರ್ಷದೊಳಗೆ ಕಾಯುವ ಗುಂಪಿನ ಶೇ. 24 ಮಂದಿ ಶಸ್ತ್ರಚಿಕಿತ್ಸೆಗೆ ಹೋದರು. ಉಳಿದ ಮುಕ್ಕಾಲು ಪಾಲು ಹೋಗಲಿಲ್ಲ. ಶಸ್ತ್ರಚಿಕಿತ್ಸೆಯ ಗುಂಪಿಗೆ ಒಟ್ಟಾರೆ ಫಲ ಚೆನ್ನಾಗಿಯೇ ಸಿಕ್ಕಿತು, ಅದರಲ್ಲೂ ಹೆಚ್ಚು ಲಾಭ ಪಡೆದವರು ಮೊದಲೇ ತೊಂದರೆಯಿಂದ ಹೆಚ್ಚು ಬೇಸತ್ತಿದ್ದವರು. ಎಂಟನೆಯ ಪ್ರಶ್ನೆಯ ಬೆಲೆ ಇದರಿಂದಲೂ ತಿಳಿಯುತ್ತದೆ.

ಎರಡನೆಯದು ಮಾತ್ರೆ. ಟ್ಯಾಮ್ಸುಲೋಸಿನ್‌ನಂಥ ಆಲ್ಫಾ ಬ್ಲಾಕರ್‌ಗಳು ಗ್ರಂಥಿಯ ಮತ್ತು ಮೂತ್ರಕೋಶದ ಕತ್ತಿನ ಸ್ನಾಯುವನ್ನು ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಹಾಯೆನ್ನಿಸಬಹುದು. ಗ್ರಂಥಿಯನ್ನು ಚಿಕ್ಕದು ಮಾಡುವುದಿಲ್ಲ. ಎದ್ದು ನಿಂತಾಗ ತಲೆಸುತ್ತು ಬರಬಹುದು. ಮೊದಲೇ ಬಿಪಿ ಮಾತ್ರೆ ನುಂಗುವ ಹಿರಿಯರು ನಡುರಾತ್ರಿ ಕತ್ತಲಲ್ಲಿ ಎದ್ದಾಗ ಬೀಳುವ ಭಯ ಸಣ್ಣದಲ್ಲ. ವೀರ್ಯ ಹೊರಬರದಿರುವುದೂ ಉಂಟು. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ: ಈ ಮಾತ್ರೆ ನುಂಗುವವರಿಗೆ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನ ಪಾಪೆ ಸುತ್ತಲ ಪರದೆ ಸಡಿಲವಾಗಿ ತೊಡಕಾಗಬಹುದೆಂದು 2005ರಲ್ಲಿ ಗುರುತಿಸಲಾಯಿತು. ಪೊರೆ ತೆಗೆಸುವ ವಯಸ್ಸೂ ಪ್ರಾಸ್ಟೇಟ್ ಕಾಡುವ ವಯಸ್ಸೂ ಒಂದೇ. ಕಣ್ಣಿನ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಬೇರೆ ಬಗೆಯವು. ಹಾರ್ಮೋನಿನ ಪರಿವರ್ತನೆಯನ್ನು ತಡೆದು ಗ್ರಂಥಿಯನ್ನು ಕ್ರಮೇಣ ಕುಗ್ಗಿಸುತ್ತವೆ. ಫಲ ಕಾಣಲು ಆರು ತಿಂಗಳಾದರೂ ಬೇಕು, ಗ್ರಂಥಿ ದೊಡ್ಡದಿದ್ದವರಿಗೇ ಹೆಚ್ಚು ಉಪಯೋಗ. ಕೆಲವರಲ್ಲಿ ಲೈಂಗಿಕ ಆಸಕ್ತಿ, ನಿಮಿರುವಿಕೆ ಕುಗ್ಗುತ್ತದೆ, ಎದೆಯ ಭಾಗ ನೋಯುತ್ತದೆ.

2003ರಲ್ಲಿ ಪ್ರಕಟವಾದ, 3,047 ಗಂಡಸರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ ಇಲ್ಲಿ ದೊಡ್ಡ ಆಧಾರ. ಡಾಕ್ಸಜೋಸಿನ್ ಮತ್ತು ಫಿನಾಸ್ಟರೈಡ್ ಎರಡನ್ನೂ ಕೊಟ್ಟಾಗ ಕಾಯಿಲೆ ಉಲ್ಬಣಿಸುವ ಅಪಾಯ ಶೇ. 66ರಷ್ಟು ಇಳಿಯಿತು. ಕೇಳಿದವರು ಕೂಡಲೇ ಎರಡನ್ನೂ ಬರೆದುಕೊಡಿ ಎನ್ನುತ್ತಾರೆ. ಅದೇ ಫಲಿತಾಂಶವನ್ನು ಹೀಗೂ ಹೇಳಬಹುದು: ನಾಲ್ಕು ವರ್ಷದಲ್ಲಿ ಹುಸಿಮಾತ್ರೆ ನುಂಗಿದ ನೂರು ಮಂದಿಯಲ್ಲಿ ಸುಮಾರು 17 ಮಂದಿಗೆ ಕಾಯಿಲೆ ಉಲ್ಬಣಿಸಿತು, ಒಂದೊಂದೇ ಮಾತ್ರೆ ನುಂಗಿದವರಲ್ಲಿ ಸುಮಾರು 10, ಎರಡನ್ನೂ ನುಂಗಿದವರಲ್ಲಿ ಸುಮಾರು 5. ಅಂದರೆ ಹುಸಿಮಾತ್ರೆ ನುಂಗಿದ ನೂರರಲ್ಲಿ 83 ಮಂದಿಗೆ ಏನೂ ಉಲ್ಬಣಿಸಲಿಲ್ಲ. ದಿನವೂ ಎರಡು ಮಾತ್ರೆ, ಅದರ ಖರ್ಚು, ಅದರ ಅಡ್ಡಪರಿಣಾಮ ಒಂದು ಕಡೆಯಿಟ್ಟು, ನೂರರಲ್ಲಿ 12 ಮಂದಿಗೆ ತಪ್ಪುವ ತೊಂದರೆಯನ್ನು ಇನ್ನೊಂದು ಕಡೆಯಿಟ್ಟು ತೂಗಬಲ್ಲವರು ರೋಗಿಯೇ. ವೈದ್ಯರು ನೂರು ಜನರ ಲೆಕ್ಕದಲ್ಲಿ ಹೇಳಬೇಕು, ರೋಗಿ ಆ ಲೆಕ್ಕವನ್ನೇ ಕೇಳಬೇಕು.

ಗಿಡಮೂಲಿಕೆಯೆಂದು ಮಾರಾಟವಾಗುವ ಸಾ ಪಾಲ್ಮೆಟೋ ವಿಷಯದಲ್ಲಿ ಮಾತು ಸುಲಭ. 2006 ಮತ್ತು 2011ರ ಎರಡು ಒಳ್ಳೆಯ ಪ್ರಯೋಗಗಳಲ್ಲಿ ಅದು ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ, ಪ್ರಮಾಣ ಮೂರು ಪಟ್ಟು ಹೆಚ್ಚಿಸಿದರೂ.

ಮೂರನೆಯದು ಶಸ್ತ್ರಚಿಕಿತ್ಸೆ. ಮೂತ್ರನಾಳದ ಮೂಲಕ ಉಪಕರಣ ತೂರಿಸಿ ಗ್ರಂಥಿಯ ಒಳಭಾಗವನ್ನು ಕೆರೆದು ತೆಗೆಯುವ ಟಿಯುಆರ್‌ಪಿ ಇಂದಿಗೂ ಅಳತೆಗೋಲು. ದೊಡ್ಡ ಗ್ರಂಥಿಗೆ ಹೋಲ್ಮಿಯಂ ಲೇಸರ್ ಬಂದಿದೆ. ಧಾರೆ ಸುಧಾರಿಸುವುದರಲ್ಲಿ ಮಾತ್ರೆಗಿಂತ ಇವು ಬಹಳ ಮುಂದು. ಆದರೆ ಬಹುಪಾಲು ಗಂಡಸರಲ್ಲಿ ಇದಾದ ಮೇಲೆ ವೀರ್ಯ ಹೊರಬರದೆ ಮೂತ್ರಕೋಶಕ್ಕೆ ಹಿಂದಿರುಗುತ್ತದೆ. ಸುಖದ ಅನುಭವ ಸಾಮಾನ್ಯವಾಗಿ ಉಳಿಯುತ್ತದೆ, ದೇಹಕ್ಕೆ ಹಾನಿಯಿಲ್ಲ, ಆದರೂ ಮೊದಲೇ ಹೇಳದಿದ್ದರೆ ಗಂಡಸು ಗಾಬರಿಯಾಗುತ್ತಾನೆ. ಗ್ರಂಥಿಯನ್ನು ದಾರದಿಂದ ಸರಿಸಿ ಕಟ್ಟುವ ಯುರೋಲಿಫ್ಟ್‌ನಂಥ ವಿಧಾನಗಳಲ್ಲಿ ಇದು ತಪ್ಪುತ್ತದೆ. ಆದರೆ ಪರಿಹಾರ ಅಷ್ಟು ದೊಡ್ಡದಲ್ಲ, ಮುಂದೆ ಮತ್ತೆ ಚಿಕಿತ್ಸೆ ಬೇಕಾಗುವ ಸಂಭವ ಹೆಚ್ಚು, ಎಲ್ಲ ಊರಿನಲ್ಲೂ ಸಿಗುವುದಿಲ್ಲ.

ಆಯ್ಕೆಗೆ ಎಡೆಯಿಲ್ಲದಾಗ

ಮೂತ್ರ ಪೂರ್ತಿ ಕಟ್ಟಿ ಹೊಟ್ಟೆ ಉಬ್ಬಿದರೆ ಆಗ ಚರ್ಚೆಗೆ ಸಮಯವಲ್ಲ, ಕ್ಯಾಥಿಟರ್ ಹಾಕಲೇಬೇಕು. ಮೂತ್ರದಲ್ಲಿ ರಕ್ತ, ಚಳಿಜ್ವರ, ಮೇಲಿಂದ ಮೇಲೆ ಸೋಂಕು, ಮೂತ್ರಕೋಶದಲ್ಲಿ ಕಲ್ಲು, ತಡೆಯಿಂದಾಗಿ ಮೂತ್ರಪಿಂಡ ಕೆಡುತ್ತಿರುವ ಸೂಚನೆ ಇದ್ದರೆ ಕಾಯುತ್ತ ಕೂರುವ ದಾರಿ ಮುಚ್ಚಿದಂತೆ. ವೈದ್ಯರು ಖಚಿತವಾಗಿ, ಬೇಗನೆ ಹೇಳಬೇಕಾದ ಸಂದರ್ಭ ಇದು.

ಪಿಎಸ್‌ಎ: ಪಕ್ಕದಲ್ಲೇ ಇರುವ ಬೇರೆ ಪ್ರಶ್ನೆ

ಮೂತ್ರದ ತೊಂದರೆ ಹೇಳಿಕೊಂಡು ಹೋದವರಿಗೆ ಪಿಎಸ್‌ಎ ರಕ್ತಪರೀಕ್ಷೆ ಬರೆದುಕೊಡುವುದು ರೂಢಿ. ಇದು ಕ್ಯಾನ್ಸರ್‌ನ ಸುಳಿವು ಹಿಡಿಯುವ ಪರೀಕ್ಷೆ. ಸಾಮಾನ್ಯ ಹಿಗ್ಗುವಿಕೆಯಲ್ಲೂ ಸೋಂಕಿನಲ್ಲೂ ಏರುತ್ತದೆ. ಫಿನಾಸ್ಟರೈಡ್ ನುಂಗುವವರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಬಂದ ಸಂಖ್ಯೆಯನ್ನು ದುಪ್ಪಟ್ಟು ಮಾಡಿ ಓದಬೇಕು. ಲಕ್ಷಣವಿಲ್ಲದವರ ತಪಾಸಣೆಯ ಬಗ್ಗೆ ಅಮೆರಿಕದ ರೋಗತಡೆ ಕಾರ್ಯಪಡೆ 2018ರಲ್ಲಿ ಕೊಟ್ಟ ಸಲಹೆಯಲ್ಲಿ 55ರಿಂದ 69 ವಯಸ್ಸಿನವರು ವೈದ್ಯರೊಂದಿಗೆ ಮಾತಾಡಿ ತಾವೇ ತೀರ್ಮಾನಿಸಲಿ, 70 ದಾಟಿದವರಿಗೆ ಬೇಡ ಎಂದಿತು. ರಕ್ತ ಕೊಡುವ ಮುಂಚೆ ಕೇಳಬೇಕಾದದ್ದು: ಸಂಖ್ಯೆ ಹೆಚ್ಚು ಬಂದರೆ ಮುಂದೇನು ಮಾಡುತ್ತೇವೆ?

ಕೋಣೆಯೊಳಗಿನ ಮಾತು

ಅಮೆರಿಕದ ಅಧ್ಯಕ್ಷರು ನೇಮಿಸಿದ ಆಯೋಗವೊಂದು 1982ರಲ್ಲೇ ವೈದ್ಯ-ರೋಗಿಯರ ಜಂಟಿ ತೀರ್ಮಾನವನ್ನು ಆದರ್ಶವೆಂದು ಸಾರಿತ್ತು. ಅದನ್ನು ದಿನನಿತ್ಯದ ಮಾತುಕತೆಗೆ ಇಳಿಸಿದವರಲ್ಲಿ ಬ್ರಿಟನ್ನಿನ ವೈದ್ಯ ಗ್ಲಿನ್ ಎಲ್ವಿನ್ ಮತ್ತು ಸಂಗಡಿಗರು ಮುಖ್ಯರು. 2012ರಲ್ಲಿ ಅವರು ಮಂಡಿಸಿದ ಕ್ರಮ ಹೀಗಿದೆ: ಇಲ್ಲಿ ಆಯ್ಕೆಯಿದೆ ಎಂದು ಮೊದಲು ತಿಳಿಸುವುದು, ಆಯ್ಕೆಗಳನ್ನು ಬಿಡಿಸಿ ಹೇಳುವುದು, ಯಾವುದು ಮುಖ್ಯವೆಂದು ಕೇಳಿ ತೀರ್ಮಾನಕ್ಕೆ ಬರುವುದು.

ನಮ್ಮಲ್ಲಿ ಮೊದಲ ಮೆಟ್ಟಿಲೇ ಕಷ್ಟ. ಹಿರಿಯರು ಕುರ್ಚಿಯ ಅಂಚಿನಲ್ಲಿ ಕೂತಿರುತ್ತಾರೆ, ಮಗ ಫೈಲು ಹಿಡಿದು ಮಾತಾಡುತ್ತಾನೆ. ವೈದ್ಯರು ಮಗನ ಮುಖ ನೋಡಿ ವಿವರಿಸುತ್ತಾರೆ. ಏನಾದರೂ ಕೇಳುವುದಿದೆಯೇ ಎಂದರೆ ಹಿರಿಯರ ಉತ್ತರ ಸಿದ್ಧ: "ನೀವು ಹೇಗ್ ಹೇಳಿದ್ರೆ ಹಾಗೆ ಡಾಕ್ಟ್ರೇ." ಇದರಲ್ಲಿ ನಂಬಿಕೆಯಿದೆ, ಅದನ್ನು ಹಗುರಾಗಿ ಕಾಣಬಾರದು. ತೀರ್ಮಾನವನ್ನು ವೈದ್ಯರಿಗೇ ಬಿಡುವುದೂ ಒಂದು ಆಯ್ಕೆಯೇ. ಆದರೆ ಆ ಮಾತಿನ ಹಿಂದೆ ಎಷ್ಟೋ ಸಲ ಸಂಕೋಚ ಅಡಗಿರುತ್ತದೆ. ಮಗ, ಸೊಸೆಯ ಎದುರು ಲೈಂಗಿಕ ಬದುಕಿನ ಮಾತು ಬರುವುದೇ ಇಲ್ಲ. ಎಪ್ಪತ್ತರ ನಂತರ ಅದು ಮುಖ್ಯವಲ್ಲ ಎಂದು ಎಲ್ಲರೂ ತಾವೇ ಊಹಿಸಿಕೊಂಡುಬಿಡುತ್ತಾರೆ. ಐದು ನಿಮಿಷ ಮನೆಯವರನ್ನು ಹೊರಗೆ ಕೂರಿಸಿ, "ಯಜಮಾನ್ರೇ, ಇದರಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಬೇಜಾರು ಯಾವುದು? ಯಾವುದು ಕೆಟ್ಟರೆ ನೀವು ಸಹಿಸೋದಿಲ್ಲ?" ಎಂದು ಕೇಳುವ ವೈದ್ಯರಿಗೆ ಬೇರೆಯದೇ ಉತ್ತರಗಳು ಸಿಗುತ್ತವೆ.

ಕಾನೂನೂ ಇದೇ ಕಡೆಗಿದೆ. ಸಮೀರಾ ಕೊಹ್ಲಿ ಮತ್ತು ಡಾ. ಪ್ರಭಾ ಮನಚಂದಾ ನಡುವಿನ ಪ್ರಕರಣದಲ್ಲಿ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಯ ಸ್ವರೂಪ, ಲಾಭ, ಗಣನೀಯ ಅಪಾಯ, ಇತರ ದಾರಿಗಳು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಎಂದಿತು. ಅಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯಿಂದ ಒಪ್ಪಿಗೆ ಪಡೆದು ಹೆಚ್ಚಿನ ಶಸ್ತ್ರಚಿಕಿತ್ಸೆ ಮಾಡಲಾಗಿತ್ತು. ತುರ್ತು ಇಲ್ಲದಿರುವಾಗ, ವಯಸ್ಕ ರೋಗಿ ತಾನೇ ತೀರ್ಮಾನಿಸಬಲ್ಲವಳಾಗಿರುವಾಗ ಆ ಒಪ್ಪಿಗೆ ಸಲ್ಲದು ಎಂದಿತು ನ್ಯಾಯಾಲಯ. ಬುದ್ಧಿ ಚುರುಕಾಗಿರುವ ಅಪ್ಪನ ಬದಲು ಮಗ ಸಹಿ ಹಾಕುವ ನಮ್ಮ ರೂಢಿಗೂ ಇದು ಅನ್ವಯಿಸುವ ಮಾತು.

ಇಷ್ಟೆಲ್ಲ ಮಾತಾಡಲು ಸಮಯವೆಲ್ಲಿ ಎಂಬುದು ಸರ್ಕಾರಿ ಆಸ್ಪತ್ರೆಯ ವೈದ್ಯರ ನ್ಯಾಯವಾದ ಪ್ರಶ್ನೆ. ತೀರ್ಮಾನಕ್ಕೆ ನೆರವಾಗುವ ಹಾಳೆ, ವಿಡಿಯೋಗಳ ಬಗ್ಗೆ ಕಾಕ್ರೇನ್ ಸಂಸ್ಥೆ 2024ರಲ್ಲಿ 209 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದೆ. ರೋಗಿಯ ತಿಳಿವಳಿಕೆ ಹೆಚ್ಚುತ್ತದೆ, ತನಗೆ ಮುಖ್ಯವಾದದ್ದಕ್ಕೆ ಹೊಂದುವ ಆಯ್ಕೆ ಮಾಡುತ್ತಾನೆ. ಭೇಟಿಯ ವೇಳೆಯಲ್ಲೇ ಬಳಸಿದರೆ ತಗಲುವ ಹೆಚ್ಚಿನ ಸಮಯ ಒಂದೆರಡು ನಿಮಿಷ, ಮುಂಚೆಯೇ ಕೊಟ್ಟು ಕಳಿಸಿದರೆ ಅದೂ ಇಲ್ಲ. ಸರದಿಯಲ್ಲಿ ಕಾಯುವ ಹೊತ್ತಿನಲ್ಲಿ ಕನ್ನಡದ ಒಂದು ಹಾಳೆ ಕೈಗೆ ಸಿಕ್ಕರೆ, ಓದಲು ಬಾರದವರಿಗೆ ನರ್ಸ್ ಒಬ್ಬರು ಆ ಎಂಟು ಪ್ರಶ್ನೆ ಕೇಳಿ ಅಂಕ ಬರೆದಿಟ್ಟರೆ, ಒಳಗಿನ ಐದು ನಿಮಿಷ ಅಸಲು ಮಾತಿಗೆ ಉಳಿಯುತ್ತದೆ.

ಮತ್ತೆ ನೋಡುವುದು

ಒಮ್ಮೆ ಆರಿಸಿದ ದಾರಿಯಲ್ಲೇ ಕೊನೆತನಕ ಹೋಗಬೇಕೆಂದಿಲ್ಲ. ಆಲ್ಫಾ ಬ್ಲಾಕರ್ ಶುರುಮಾಡಿದರೆ ನಾಲ್ಕರಿಂದ ಆರು ವಾರದಲ್ಲಿ, ಫಿನಾಸ್ಟರೈಡ್ ಆದರೆ ಮೂರರಿಂದ ಆರು ತಿಂಗಳಲ್ಲಿ ಮರುಪರಿಶೀಲನೆ ಆಗಬೇಕು. ಗುಣ ಕಾಣದ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವ ಹಿರಿಯರು ನಮ್ಮ ನಡುವೆ ಬೇಕಾದಷ್ಟಿದ್ದಾರೆ, ನಿಲ್ಲಿಸಬಹುದೇ ಎಂದು ಅವರು ಕೇಳಿಲ್ಲ, ಯಾರೂ ಹೇಳಿಲ್ಲ. ಹೆಂಡತಿ ತೀರಿಕೊಂಡ ಮೇಲೆ, ಮಗಳ ಮನೆಗೆ ವಿದೇಶಕ್ಕೆ ಹೋಗುವ ಮುಂಚೆ, ಪಾರ್ಶ್ವವಾಯು ಬಡಿದ ಮೇಲೆ ಹಿಂದಿನ ತೂಕ ಬದಲಾಗಿರುತ್ತದೆ. ಮರುಭೇಟಿಗೆ ಹೋಗುವಾಗ ಹಿಂದಿನ ಸಲದ ಅಂಕದ ಹಾಳೆ, ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿ, ನೆಗಡಿ ಮಾತ್ರೆಯೂ ಸೇರಿ, ಜೊತೆಗಿರಲಿ. ಎಂಟನೆಯ ಪ್ರಶ್ನೆಯನ್ನು ವೈದ್ಯರು ಕೇಳದಿದ್ದರೆ ಉತ್ತರವನ್ನು ತಾವೇ ಮೊದಲು ಹೇಳಬಹುದು.